ಕಿರುಬ ಎದ್ದದ್ದು ಯಾರಿಗೆ

ನನ್ನ ತಮ್ಮ ತಿಪ್ಪೇರುದ್ರಪ್ಪ ಹುಲಿ. ಇದು ನಾನು ಹೇಳುತ್ತಿರುವುದಲ್ಲ, ಅವನೇ ಹೇಳಿಕೊಳ್ಳುವುದು. ಪಕ್ಕದ ಮನೆಯ ನಾಯಿ ಬೊಗಳಿದರೆ ಬೀದಿ ಬದಲಾಯಿಸುವ ಹುಲಿ, ಮೈಮೇಲೆ ಹಲ್ಲಿ ಬಿದ್ದರೆ ಪಂಚಾಂಗ ತೆಗೆದು ನಡುಗುವ ಹುಲಿ. ನಮ್ಮದು ಹುಲಿ ಬೆಡಗು, ಅಂದರೆ ಹುಲಿಯ ಕುಲ, ಎಂದು ನಮ್ಮಪ್ಪ ಹೇಳುತ್ತಿದ್ದ, ಅವನಿಗೆ ಅವರಪ್ಪ ಹೇಳಿದ್ದ, ಅಷ್ಟೇ ಆಧಾರ. ನಮ್ಮ ಕಡೆ ಯಾರನ್ನು ಕೇಳಿದರೂ ಆನೆ, ಹುಲಿ, ಸಿಂಹದ ಬೆಡಗಿನವರೇ. ಹಂದಿ, ಹೆಗ್ಗಣ, ನರಿಯ ಬೆಡಗಿನವರೆಲ್ಲ ಯಾವ ಕಾಯಿಲೆಗೆ ಸಿಕ್ಕಿ ಒಟ್ಟಿಗೇ ತೀರಿಕೊಂಡರೋ ದೇವರೇ ಬಲ್ಲ.

ಒಂದೇ ಬೆಡಗಿನವರೆಂದರೆ ಒಂದೇ ರಕ್ತ, ಅಣ್ಣತಮ್ಮಂದಿರ ಲೆಕ್ಕ. ಅವರೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಹಿಂದೆ ಇದಕ್ಕೆಲ್ಲ ಬಾಯಿಮಾತೇ ಸಾಕಾಗಿತ್ತು. ನಮ್ಮದು ಹುಲಿ, ನಿಮ್ಮದು ನವಿಲು, ಸರಿ, ಎಲೆ ಅಡಿಕೆ ಬದಲಾಯಿಸಿ ಅಂದರೆ ಮುಗಿಯಿತು. ರಸ್ತೆಯಾಗಿ, ಬಸ್ಸಾಗಿ, ಎಲ್ಲರಿಗೂ ದೊಡ್ಡೂರಿನ ಜೂ ನೋಡುವ ಚಪಲ ಹತ್ತಿದ ಮೇಲೆ ಬಾಯಿಮಾತಿಗೆ ಬೆಲೆಯಿಲ್ಲದಂತಾಯಿತು. ಆ ಜೂವಿನಲ್ಲಿ ತನ್ನ ಬೆಡಗಿನವರು ಬೋನಿನ ಮುಂದೆ ಬಂದರೆ ಪ್ರಾಣಿ ಎದ್ದು ನಿಲ್ಲುತ್ತದೆ. ಬೇರೆಯವರು ತಲೆಕೆಳಗಾಗಿ ನಿಂತರೂ ಏಳುವುದಿಲ್ಲ. ಹಾಗಾಗಿ ಈಗ ಹೆಣ್ಣು ನೋಡುವ ಶಾಸ್ತ್ರಕ್ಕೂ ನಿಶ್ಚಿತಾರ್ಥಕ್ಕೂ ನಡುವೆ ‘ಏಳೋ ಶಾಸ್ತ್ರ’ ಎಂಬುದೊಂದು ಸೇರಿಕೊಂಡಿದೆ. ಎರಡು ಕಡೆಯವರೂ ಪ್ರವಾಸ ಹೊರಟ ಹಾಗೆ ಹೊರಟು, ತಮ್ಮ ತಮ್ಮ ಪ್ರಾಣಿ ಏಳುವುದನ್ನು ಒಬ್ಬರಿಗೊಬ್ಬರು ತೋರಿಸಿ, ಪುಳಿಯೋಗರೆ ತಿಂದು, ಫೋಟೋ ಹಿಡಿಸಿಕೊಂಡು ಬರಬೇಕು.

ನಮ್ಮ ನಾಗವೇಣಿಗೆ ಓಬಳೇಶನೆಂಬ ಹುಡುಗ ಇಷ್ಟವಾಗಿದ್ದ. ನಾಗವೇಣಿ ತಮ್ಮನ ಒಬ್ಬಳೇ ಮಗಳು, ಎತ್ತಿ ಆಡಿಸಿದವಳು ನಾನು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದೇನೆ. ಮಾತನಾಡುವುದಕ್ಕೆ ನಾನು, ಕೆಲಸ ಮಾಡುವುದಕ್ಕೆ ತಮ್ಮನ ಹೆಂಡತಿ ವನಜಾಕ್ಷಿ, ಹುಲಿಯಾಗಿರುವುದಕ್ಕೆ ತಮ್ಮ. ಹುಡುಗನೇನೋ ಚಿನ್ನ. ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ, ಬೀಡಿ ಇಲ್ಲ, ಇಸ್ಪೀಟಿಲ್ಲ. ತೊಡಕಾದದ್ದು ಅವರ ಬೆಡಗು. ಹುಡುಗನ ಅಪ್ಪ ಕಾಟಪ್ಪನವರು ಮೊದಲ ದಿನವೇ ಕಾಫಿ ಲೋಟ ಕೆಳಗಿಟ್ಟು, "ನಮ್ದು ಕತ್ತೆಕಿರುಬ, ಸ್ವಾಮಿ," ಎಂದುಬಿಟ್ಟರು. ಮುಚ್ಚುಮರೆ ಇಲ್ಲ, ನಾಚಿಕೆ ಇಲ್ಲ. ನನ್ನ ತಮ್ಮ ಕೂತ ಕುರ್ಚಿಯಲ್ಲೇ ಅರ್ಧ ಗೇಣು ಹಿಂದೆ ಸರಿದ.

ಅವರು ಹೋದ ಮೇಲೆ ತಮ್ಮನ ಕೂಗಾಟ ಶುರುವಾಯಿತು. "ಹೆಸರಿನ ಮುಂದೇನೇ ಕತ್ತೆ ಐತಲ್ಲೇ! ಹುಲಿ ತಿಂದುಬಿಟ್ಟಿದ್ದನ್ನ ತಿನ್ನೋ ಜಾತಿ ಅದು. ನನ್ನ ಮಗಳನ್ನ ಅಂಥೋರ ಮನೆಗೆ ಕೊಡಲಾ?"

ನಾಗವೇಣಿ ವಾದ ಮಾಡಲಿಲ್ಲ, ಊಟ ಬಿಟ್ಟಳು. ಮೂರನೇ ಹೊತ್ತಿಗೆ ಹುಲಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು, "ತಿನ್ನವ್ವಾ ತಾಯಿ, ಕಿರುಬನೋ ಕೋತಿಯೋ, ನಿನ್ನಿಷ್ಟ," ಎಂದಿತು. ಮಗಳ ವಿಷಯದಲ್ಲಿ ಅವನು ಮೊದಲಿನಿಂದಲೂ ಬೆಣ್ಣೆ.

ಹೀಗೆ ಒಂದು ಭಾನುವಾರ ವ್ಯಾನು ಮಾಡಿಕೊಂಡು ದೊಡ್ಡೂರಿಗೆ ಹೋದೆವು. ಜೂ ಬಾಗಿಲಲ್ಲಿ ತಿರುಪತಿಗೆ ಬಂದಷ್ಟು ಜನ. ದೊಡ್ಡ ಬೋರ್ಡು: ‘ಪ್ರಾಣಿಗಳಿಗೆ ತಿಂಡಿ ಹಾಕಬಾರದು. ಪ್ರಾಣಿಗಳ ಕೈಕಾಲು ಹಿಡಿಯಬಾರದು. ಸಂಬಂಧ ಮುರಿದರೆ ಆಡಳಿತ ಮಂಡಳಿ ಹೊಣೆಯಲ್ಲ.’ ಬೋರ್ಡಿನ ಕೆಳಗೇ ‘ಎಬ್ಬಿಸೋರು’ ಸಾಲಾಗಿ ನಿಂತಿದ್ದರು. ಇವರದು ಆ ಊರಿನ ಹೊಸ ಕಸುಬು. "ಸಾರ್, ನಿಮ್ದ್ಯಾವುದು? ಸಿಂಹನಾ? ಗ್ಯಾರಂಟಿ ಎಬ್ಬಿಸಿಕೊಡ್ತೀವಿ. ಆನೆ ಆದ್ರೆ ಎದ್ದೇ ಇರ್ತದೆ, ಕಿವಿ ಆಡಿಸಿಕೊಡ್ತೀವಿ." ಗೌರವಸ್ಥರು ಅವರನ್ನು ಛೀ ಥೂ ಎಂದು ಬೈದು, ಮರದ ಹಿಂದೆ ಕರೆದು ಮಾತನಾಡಿಸುತ್ತಾರೆ.

ಒಳಗೆ ಹೋದರೆ ಮನುಷ್ಯರನ್ನು ನೋಡುವುದೇ ಒಂದು ಮಜಾ. ನರಿಯ ಬೋನಿನ ಮುಂದೆ ಯಾರೂ ನಡೆಯುವುದಿಲ್ಲ, ಓಡುತ್ತಾರೆ. ಸೂಟು ಹಾಕಿದ್ದ ಒಬ್ಬ ದೊಡ್ಡ ಮನುಷ್ಯ, ಕಾಡುಹಂದಿ ಎದ್ದುಬಿಟ್ಟಿತೆಂದು ಕೂಡಲೇ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ಅವನ ಬೂಟಿಗೆ ದಾರವೇ ಇರಲಿಲ್ಲ. ಜಿರಾಫೆಗೆ ನಮ್ಮ ಸೀಮೆಯಲ್ಲಿ ಬೆಡಗಿನವರು ಯಾರೂ ಇಲ್ಲ. ಅದು ಸದಾ ನಿಂತೇ ಇರುವುದರಿಂದ ಎಲ್ಲರೂ ಅದರ ಮುಂದೆ ಎದೆಯುಬ್ಬಿಸಿ ಫೋಟೋ ಹಿಡಿಸಿಕೊಳ್ಳುತ್ತಿದ್ದರು. ನನ್ನ ಗಂಡನ ಮನೆಯವರದು ನವಿಲು. ಧಾರೆಯಾದ ಮೇಲೆ ಹೆಂಗಸು ಗಂಡನ ಬೆಡಗಿಗೆ ಸೇರಿದಳೆಂದು ಜನ ಲೆಕ್ಕ ಹಾಕುತ್ತಾರೆ, ಗಂಡನ ಕಡೆಯ ಪ್ರಾಣಿಯೇ ಅವಳಿಗೆ ಏಳುತ್ತದೆಂದು ನಂಬುತ್ತಾರೆ. ಪ್ರಾಣಿಗಳು ಧಾರೆಗೀರೆ ನೋಡುವುದಿಲ್ಲ, ಹುಟ್ಟಿದ ರಕ್ತವನ್ನಷ್ಟೇ ನೋಡುತ್ತವೆ. ನಾನು ಹೋಗಿ ನಿಂತರೆ ಆ ನವಿಲು, ಬಾಕಿ ಕೇಳಲು ಬಂದವಳನ್ನು ಕಂಡ ಹಾಗೆ ಮುಖ ತಿರುಗಿಸಿಕೊಂಡಿತು.

ಹುಲಿಯ ಬೋನಿನ ಮುಂದೆ ನನ್ನ ತಮ್ಮ ಮೀಸೆ ತೀಡಿ ನಿಂತ. ಹಿಂದೆ ಬೀಗರು: ಕಾಟಪ್ಪನವರು, ಅವರ ಹೆಂಡತಿ, ಹುಡುಗ ಓಬಳೇಶ, ಮತ್ತೆ ಅವರ ಮನೆಯ ಹಿರಿಯ ಜೀವ ಈರಬಡಕ್ಕ. ಈರಬಡಕ್ಕ ಕಾಟಪ್ಪನವರ ಅಕ್ಕ. ಕಣ್ಣಿಗೆ ಪೊರೆ ಬಂದಿದ್ದರೂ ಬೇಡವಾದದ್ದೆಲ್ಲ ಕಾಣಿಸುವ ಮುದುಕಿ. ಹುಲಿ ಸಿಮೆಂಟಿನ ಕಟ್ಟೆಯ ಮೇಲೆ ಒಂದು ಕಾಲು ಇಳಿಬಿಟ್ಟು ಮಲಗಿತ್ತು. ತಮ್ಮ ಕೆಮ್ಮಿದ. ಹುಲಿ ಮಲಗಿತ್ತು. ತಮ್ಮ ಟೋಪಿ ತೆಗೆದ. ಹುಲಿ ಮಲಗಿತ್ತು.

"ಉಂಡು ಮಲಗಿರಬೇಕು," ಎಂದ. ಆಮೇಲೆ, "ಬಿಸಿಲು ಜಾಸ್ತಿ." ಆಮೇಲೆ, "ಇದು ಬೇರೆ ಕಡೆಯಿಂದ ತಂದಿರೋ ಹುಲಿ ಕಣ್ರೀ, ನಮ್ಮ ಕಡೇದಲ್ಲ. ಇದಕ್ಕೆ ಕನ್ನಡ ತಿಳೀಬೇಕಲ್ಲ."

"ಹುಲಿಗೆ ಕನ್ನಡ ಯಾಕೋ, ನೀನೇನು ಅದರ ಹತ್ರ ಹರಿಕಥೆ ಮಾಡ್ತೀಯಾ?" ಎಂದೆ ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅವನು ನನ್ನನ್ನು ದುರುಗುಟ್ಟಿ ನೋಡಿ, ಮರದ ಕಡೆ ಹೋಗಿ, ಎಬ್ಬಿಸುವವನೊಬ್ಬನ ಜೊತೆ ಹವಾಮಾನದ ಬಗ್ಗೆ ಮಾತನಾಡಿ ಬಂದ. ಸ್ವಲ್ಪ ಹೊತ್ತಿಗೆ ಬೋನಿನ ಹಿಂದುಗಡೆ ಯಾರೋ ಬಕೆಟ್ಟು ಬಡಿದ ಸದ್ದಾಯಿತು. ಹುಲಿ ಬೇಸರದಿಂದ ಎದ್ದು, ಮೂಲೆಗೆ ನಡೆದು, ಉಚ್ಚೆ ಹೊಯ್ದು, ನಮ್ಮ ಕಡೆ ಬೆನ್ನು ಮಾಡಿ ಮತ್ತೆ ಮಲಗಿತು.

"ನೋಡಿದ್ರಾ! ನೋಡಿದ್ರಾ!" ತಮ್ಮ ಕುಣಿದಾಡಿದ.

"ಎದ್ದಿತು, ಎದ್ದಿತು," ಎಂದು ಕಾಟಪ್ಪನವರು ಚಪ್ಪಾಳೆ ತಟ್ಟಿದರು. ನಗಲಿಲ್ಲ, ಕೊಂಕು ಮಾತನಾಡಲಿಲ್ಲ. ಬೀಗರ ಪ್ರಾಣಿ ಹೇಗೆ ಎದ್ದರೂ ಎದ್ದಿತು ಎನ್ನುವುದು ಆ ಜೂವಿನ ಮರ್ಯಾದೆ. ಈರಬಡಕ್ಕ ಮಾತ್ರ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ನಮ್ಮೂರ ಎತ್ತೂ ಹಿಂಗೇ ಏಳ್ತದೆ, ಇದೇ ಕೆಲಸಕ್ಕೆ," ಎಂದಳು. ನನಗೆ ಆ ಮುದುಕಿಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು.

ಬೀಗರ ಸರದಿ ಮುಗಿಯುವುದಕ್ಕೆ ಎಲೆ ಅಡಿಕೆ ಮಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಕಾಟಪ್ಪನವರು ಮಗನ ಜೊತೆ ಕತ್ತೆಕಿರುಬದ ಬೋನಿನ ಮುಂದೆ ಹೋಗಿ ನಿಂತರು, ಮಲಗಿದ್ದ ಕಿರುಬ ಧಡಕ್ಕನೆ ಎದ್ದು ನಿಂತಿತು. ಅವರು ಅದಕ್ಕೆ ಕೈ ಮುಗಿದರು. ಕುಳ್ಳ ಹಿಂಗಾಲು, ಕೆದರಿದ ಕೂದಲು, ಮುಖದಲ್ಲಿ ಏನೋ ಬೈಗುಳ. ತಮ್ಮ ನನ್ನ ಕಿವಿಯಲ್ಲಿ, "ಅಕ್ಕಾ, ಎಂಥ ಅವಲಕ್ಷಣ ನೋಡೇ. ಇದನ್ನ ಕುಲದೇವ್ರ ಹಂಗೆ ನೋಡ್ತಾರಲ್ಲ," ಎಂದ. ಅದರ ದವಡೆ ಥೇಟ್ ನಮ್ಮಪ್ಪನ ದವಡೆಯ ಹಾಗಿದೆಯಲ್ಲ ಎಂದು ನನಗೆ ಅನಿಸಿತು. ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಜಗಳವಾಗುತ್ತಿತ್ತು.

ಬೀಗರು ನೆರಳಿಗೆಂದು ಸ್ವಲ್ಪ ದೂರದ ಹೊಂಗೆ ಮರದ ಕೆಳಗೆ ಜಮಖಾನ ಹಾಸಿ ಬುತ್ತಿ ಬಿಚ್ಚಿದರು. ಹುಡುಗ ಹುಡುಗಿ ಇಬ್ಬರೂ ಐಸ್‌ಕ್ಯಾಂಡಿ ಗಾಡಿಯ ಹತ್ತಿರ ಹೋದರು. ಕೈ ತೊಳೆದುಕೊಂಡು ನಾವು ಮೂವರು, ತಮ್ಮ, ವನಜಾಕ್ಷಿ, ನಾನು, ಬೋನಿನ ಮುಂದಿನಿಂದ ಹಾದು ಬರುತ್ತಿದ್ದೆವು. ಮಟಮಟ ಮಧ್ಯಾಹ್ನ, ಅಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ಕಿರುಬ ಎದ್ದು ನಿಂತಿತು.

ನಾವೂ ನಿಂತೆವು. ಮರದ ಕೆಳಗೆ ಈರಬಡಕ್ಕ ಪೊರೆಗಣ್ಣಿಗೆ ಕೈ ಅಡ್ಡ ಹಿಡಿದಳು.

"ಲೋ ಕಾಟಾ," ಎಂದಳು, "ನಾವೆಲ್ಲ ಇಲ್ಲೇ ಕುಂತಿದ್ದೀವಿ. ಮತ್ತೆ ಅದು ಯಾರಿಗೆ ಎದ್ದದ್ದು?"

ಕಾಟಪ್ಪನವರು ತುತ್ತು ಕೆಳಗಿಟ್ಟು ಎದ್ದು ಬಂದರು. ಅವರ ಮುಖ ನಿಜಕ್ಕೂ ಬಾಡಿತ್ತು. "ಬೀಗ್ರೇ, ಬೇಜಾರು ಮಾಡ್ಕಬ್ಯಾಡಿ. ನೀವೂ ನಾವೂ ಒಂದೇ ಬೆಡಗಾದ್ರೆ ಮಕ್ಕಳು ಅಣ್ಣತಂಗಿ ಆಗ್ತಾರೆ. ಈ ಮದುವೆ ಆಗಾಕಿಲ್ಲ."

ಐಸ್‌ಕ್ಯಾಂಡಿ ಹಿಡಿದು ಬಂದ ನಾಗವೇಣಿ ಅದನ್ನು ಕೇಳಿಸಿಕೊಂಡಳು. ಅವಳ ಮುಖ ನೋಡಲಾಗಲಿಲ್ಲ. ಓಬಳೇಶ ತಲೆ ತಗ್ಗಿಸಿ ನಿಂತುಬಿಟ್ಟ. ನಮ್ಮಪ್ಪನ ಸುಳ್ಳಿಗೆ ಈ ಹುಡುಗಿ ಯಾಕೆ ಸಾಯಬೇಕು?

"ಅದೇನು ಕಷ್ಟ," ಎಂದಳು ಈರಬಡಕ್ಕ. "ಮದುವೆ ಆಗೋಳು ಹುಡುಗಿ. ಅವಳೊಬ್ಬಳನ್ನೇ ನಿಲ್ಸಿ. ಎದ್ರೆ ಇಲ್ಲ, ಏಳದಿದ್ರೆ ಹೌದು. ಉಳಿದೋರೆಲ್ಲ ದೂರ ಬನ್ನಿ."

ನಾವು ಮರದ ತನಕ ಹಿಂದೆ ಸರಿದೆವು. ಕಿರುಬ ಮಲಗಿತು. ನಾಗವೇಣಿ ಒಬ್ಬಳೇ ಹೋಗಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಕಣ್ಣು ಮುಚ್ಚಿ ನಿಂತಳು. ಕಿರುಬ ಒಂದು ಕಣ್ಣು ತೆರೆದು ನೋಡಿತು. ಆಕಳಿಸಿತು. ತಲೆಯನ್ನು ಮುಂಗಾಲಿನ ಮೇಲಿಟ್ಟು ಮತ್ತೆ ಮಲಗಿತು.

"ಏಳಲಿಲ್ಲ! ಅಪ್ಪಾ, ಏಳಲಿಲ್ಲ!" ಹುಡುಗಿ ಕುಣಿದುಕೊಂಡು ಓಡಿಬಂದು ನನ್ನನ್ನು ತಬ್ಬಿಕೊಂಡಳು. ಕಾಟಪ್ಪನವರು, "ಸದ್ಯ, ದೇವರು ದೊಡ್ಡವನು," ಎಂದರು. ನಾನೂ ನಕ್ಕೆ. ನಗುತ್ತಲೇ ವನಜಾಕ್ಷಿಯ ಕಡೆ ತಿರುಗಿದೆ.

ಅವಳು ನಗುತ್ತಿರಲಿಲ್ಲ. ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ಅನ್ನ ಬಡಿಸುವ ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳು ನನ್ನನ್ನು ನೋಡಿದಳು. ನನಗೆ ಅರ್ಥವಾಯಿತು. ಯಾವಾಗ, ಯಾರು, ಹೇಗೆ ಎಂದು ನಾನು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

"ಅದು ಸರಿ," ಎಂದಳು ಈರಬಡಕ್ಕ, ಎಲೆಯ ರಸ ಉಗಿದು. "ಮಗಳಿಗೆ ಏಳಲಿಲ್ಲ. ಆಗಲೇ ಎದ್ದದ್ದು ಹಂಗಾದ್ರೆ ಯಾರಿಗೆ?"

"ಯಾರಿಗಾದ್ರೇನಕ್ಕ, ಬಿಡು," ಎಂದರು ಕಾಟಪ್ಪನವರು.

"ಬಿಡಾಕೆ ಬರಾಕಿಲ್ಲ. ಅಪ್ಪನಿಗೆ ಎದ್ದು ಮಗಳಿಗೆ ಏಳಲಿಲ್ಲ ಅಂದ್ರೆ..." ಮುದುಕಿ ಮುಂದಿನದನ್ನು ನುಂಗಿಕೊಂಡಳು. ನುಂಗಿಕೊಂಡದ್ದು ಎಲ್ಲರಿಗೂ ಕೇಳಿಸಿತು, ನನ್ನ ತಮ್ಮನೊಬ್ಬನನ್ನು ಬಿಟ್ಟು. ಅಂಥ ಮಗಳನ್ನು ಯಾವ ಮನೆಯವರೂ ತುಂಬಿಸಿಕೊಳ್ಳುವುದಿಲ್ಲ, ಅಂಥ ತಾಯಿಯನ್ನು ಯಾವ ಗಂಡನೂ ಇಟ್ಟುಕೊಳ್ಳುವುದಿಲ್ಲ. ನಮ್ಮ ಜನದ ದೊಡ್ಡತನ ಗೊತ್ತಲ್ಲ.

ತಮ್ಮನಿಗೆ ಮಾತ್ರ ಬಿಟ್ಟುಹೋಗಿದ್ದ ಪೌರುಷ ಮರಳಿ ಬಂದಿತ್ತು. ಶರಟಿನ ತೋಳು ಮಡಿಸಿದ. "ಅದೇನು ಅನುಮಾನ ಇಟ್ಕಂತೀರಿ? ನಾನೇ ಹೋಗಿ ನಿಲ್ತೀನಿ. ಹುಲಿ ಮುಂದೆ ಕಿರುಬ ಏಳ್ತದೇನ್ರೀ? ನೋಡೇಬಿಡಾನ!" ಎಂದು ದಾಪುಗಾಲು ಹಾಕಿಕೊಂಡು ಹೊರಟೇಬಿಟ್ಟ. ಎಂದೂ ಇಲ್ಲದ ಧೈರ್ಯ ಈ ಮಹಾರಾಯನಿಗೆ ಬರುವುದಕ್ಕೆ ಅದೇ ಗಳಿಗೆ ಬೇಕಿತ್ತೇ!

ನಾನು ಓಡಿಹೋಗಿ ಅವನ ರಟ್ಟೆ ಹಿಡಿದೆ. ನನ್ನ ಮಂಡಿನೋವು ಆ ಕ್ಷಣ ಎಲ್ಲಿ ಹೋಗಿತ್ತೋ. "ನಿಲ್ಲೋ ಲೇ, ನೀನ್ಯಾಕೆ ಕುಣೀತೀಯ. ಅದು ನನಗೆ ಎದ್ದದ್ದು."

"ನಿನಗಾ?"

"ಹೂಂ, ನನಗೆ. ಹೇಳಾಕೆ ನಾಚಿಕೆ ಆಗಿ ಸುಮ್ಮನಿದ್ದೆ. ನಮ್ಮ ಯಜಮಾನ್ರ ಮನೆದು ಕತ್ತೆಕಿರುಬ ಅಲ್ವಾ?" ಮಾತು ಮುಗಿಸುವುದರೊಳಗೆ ಅವನನ್ನು ಹಿಂದಕ್ಕೆ ತಳ್ಳಿ, ನಾನೊಬ್ಬಳೇ ಬೋನಿನ ಮುಂದೆ ಹೋಗಿ ನಿಂತೆ. ನಾನೂ ತಮ್ಮನೂ ಒಂದೇ ಅಪ್ಪನಿಗೆ ಹುಟ್ಟಿದವರು, ಏಳದೆ ಇನ್ನೇನು ಮಾಡುತ್ತದೆ? ಆದರೂ ಕೈ ಜೋಡಿಸಿದೆ. ಎದ್ದೇಳಪ್ಪ, ಎದ್ದೇಳು ನಮ್ಮಪ್ಪ, ನಮ್ಮ ಮಾನ ಕಾಪಾಡು ಎಂದು ಜೀವಮಾನದಲ್ಲಿ ಮೊದಲ ಸಲ ಒಂದು ಕತ್ತೆಕಿರುಬವನ್ನು ಬೇಡಿಕೊಂಡೆ. ಅದು ನನ್ನನ್ನು ನೋಡಿತು. ಎದ್ದು ನಿಂತು, ಕಂಬಿಯ ಹತ್ತಿರ ಬಂದು, ನನ್ನ ಸೆರಗನ್ನು ಮೂಸಿತು.

"ಅಲ್ಲಿಗೆ ಸರಿಹೋಯ್ತು," ಎಂದರು ಕಾಟಪ್ಪನವರು. "ಬೀಗಿತಿಯೋರು ನಮ್ಮ ಕಡೆಯೋರೇ ಆದ್ರು. ಇನ್ನೇನಕ್ಕ?"

ಈರಬಡಕ್ಕ ಒಪ್ಪಲಿಲ್ಲ. ಅವಳಿಗೆ ಪೊರೆ ಬಂದದ್ದು ಕಣ್ಣಿಗೆ, ಬುದ್ಧಿಗಲ್ಲ. ಅವಳು ನನ್ನನ್ನು ಬಿಟ್ಟು ನೇರ ತಮ್ಮನನ್ನು ಹಿಡಿದಳು. "ಏನಪ್ಪಾ ತಿಪ್ಪೇರುದ್ರಪ್ಪ, ನಿಮ್ಮಕ್ಕನ್ನ ಕೊಟ್ಟಿರೋದು ಕಿರುಬದ ಮನೆಗೆ ಹೌದಾ? ನೀನು ಹೇಳು. ನಿನ್ನ ಬಾಯಲ್ಲಿ ಕೇಳ್ತೀನಿ."

ಎಲ್ಲರೂ ಅವನನ್ನು ನೋಡಿದರು. ನನ್ನ ಮದುವೆಯಲ್ಲಿ ನನ್ನ ಬೊಗಸೆಗೆ ಅರಳು ಸುರಿದವನು ಅವನು; ನವಿಲಿನ ಮನೆಯಿಂದ ತನಗೆ ಉಡುಗೊರೆ ಬಂದ ಪಂಚೆಯನ್ನು ಬಹಳ ವರ್ಷ ಉಟ್ಟವನು ಅವನು. ಅವನು ಬಾಯಿ ತೆರೆದ. "ಏ, ಭಾವಂದು..." ಎಂದು ಶುರುಮಾಡಿ ನಿಲ್ಲಿಸಿದ. ಕಿರುಬವನ್ನು ನೋಡಿದ. ನನ್ನನ್ನು ನೋಡಿದ. ಚಿಲ್ಲರೆ ಎಣಿಸುವುದಕ್ಕೂ ಎರಡೆರಡು ಸಲ ತಪ್ಪುವ ನನ್ನ ತಮ್ಮ ಆಗ ಲೆಕ್ಕ ಹಾಕುತ್ತಿದ್ದ. ಅದು ಅವನ ಮುಖದಲ್ಲೇ ಕಾಣಿಸುತ್ತಿತ್ತು. ಅಕ್ಕನಿಗೆ ಎದ್ದರೆ ನನಗೂ ಏಳಬೇಕು. ನನಗೆ ಏಳುವಂಥದ್ದು ಮಗಳಿಗೆ ಏಳಲಿಲ್ಲ. ಕೊನೆಗೆ ಅವನ ಕಣ್ಣು ಮರದ ಕಡೆ, ಸೌಟು ಹಿಡಿದು ಕೂತವಳ ಕಡೆ ಹೋಯಿತು. ವನಜಾಕ್ಷಿ ತಲೆ ತಗ್ಗಿಸಿದಳು.

ಇಷ್ಟು ವರ್ಷ ನಾನು ಅವನನ್ನು ಎಷ್ಟು ಆಡಿಕೊಂಡಿದ್ದೆನೋ ಅಷ್ಟೂ ನೆನಪಿಗೆ ಬಂತು. ಬಾಯಿಬಡುಕ, ಜಂಭಗಾರ, ತನ್ನ ಮೊಲಕ್ಕೆ ಮೂರೇ ಕಾಲು ಎನ್ನುವವನು. ಈಗ ಒಂದು ಮಾತು ಅಂದರೆ ಮುಗಿಯಿತು, ಹೆಂಡತಿ ಬೀದಿಗೆ, ಮಗಳು ಬೀದಿಗೆ. ನಾಗವೇಣಿ ಏನೂ ತಿಳಿಯದೆ, ಕರಗಿದ ಐಸ್‌ಕ್ಯಾಂಡಿ ಮೊಣಕೈಗೆ ಹರಿಯುತ್ತಿದ್ದರೂ ಒರೆಸಿಕೊಳ್ಳದೆ, "ಹೇಳಪ್ಪಾ," ಎಂದಳು.

ತಮ್ಮ ಗಂಟಲು ಸರಿಮಾಡಿಕೊಂಡ. "ಹೌದು ಕಣಜ್ಜಿ," ಎಂದ. ದನಿ ಮೊದಲು ಏಳಲಿಲ್ಲ, ಆಮೇಲೆ ಎದ್ದಿತು. "ಅಕ್ಕನ್ನ ಕೊಟ್ಟದ್ದು ಕಿರುಬದ ಮನೆಗೇನೇ. ನಾವು ಹುಲಿ. ನಾನೂ ಹುಲಿ, ನನ್ನ ಮಗಳೂ ಹುಲಿ. ಇವಳು ನನ್ನ ಮಗಳು. ಯಾರಾದ್ರೂ ಇನ್ನೊಂದು ಮಾತಾಡಿದ್ರೆ ನಾನು ಮನುಷ್ಯ ಆಗಿರಾಕಿಲ್ಲ, ನೋಡಿ ಮತ್ತೆ!"

ದೂರದ ಬೋನಿನ ಹತ್ತಿರ ನಿಂತಿದ್ದ ಜನ ಕೂಡ ತಿರುಗಿ ನೋಡಿದರು. ಈರಬಡಕ್ಕ ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. ಅವಳಿಗೆ ಎಷ್ಟು ತಿಳಿಯಿತೋ ನಾನು ಹೇಳಲಾರೆ. "ಸರಿ ಬಿಡಪ್ಪ," ಎಂದಳು. "ಹುಲಿ ಅಂದ್ರೆ ಹುಲಿ. ಹೊಟ್ಟೆ ಹಸೀತು, ಬಡಿಸ್ರೇ."

ಉಂಡದ್ದೂ ಆಯಿತು, ಜಿರಾಫೆಯ ಮುಂದೆ ಫೋಟೋ ಹಿಡಿಸಿದ್ದೂ ಆಯಿತು. ವಾಪಸು ಬಾಗಿಲ ಕಡೆ ನಡೆಯುವಾಗ ಬೀಗರು, ಮಕ್ಕಳು ಮುಂದಾದರು. ತಮ್ಮ ನನ್ನ ಪಕ್ಕಕ್ಕೆ ಬಂದ.

"ಅಕ್ಕಾ, ಭಾವಂದು ಯಾವ ಬೆಡಗು?"

"ನನ್ನ ಕೈ ಹಿಡಿದು ಧಾರೆಗೆ ಕರ್ಕಂಡು ಹೋದೋನು ನೀನು. ಗೊತ್ತಿಲ್ವೇನೋ?"

"ಗೊತ್ತಿತ್ತು. ಮರ್ತೋಯ್ತು." ಮುಂದೆ ಹೋಗುತ್ತಿದ್ದ ನಾಗವೇಣಿಯನ್ನು ನೋಡಿದ. "ಇನ್ನೂ ಒಂದು ಮರೆಯೋದೈತೆ. ಮರೀತೀನಿ. ನೀನೂ ಮರ್ತುಬಿಡು ಕಣಕ್ಕ."

ನಾನು ಹೂಂ ಎಂದೆ. ಅವನು ಹಿಂದೆ ತಿರುಗಿದ. ವನಜಾಕ್ಷಿ ಬುತ್ತಿಯ ಚೀಲ ಹಿಡಿದು ದೂರದಲ್ಲೇ ಉಳಿದಿದ್ದಳು; ನಮ್ಮ ಜೊತೆ ಬರಬಹುದೋ ಬಾರದೋ ತಿಳಿಯದವಳ ಹಾಗೆ ಬಿಸಿಲಲ್ಲಿ ನಿಂತಿದ್ದಳು. ಅವನು ಅಷ್ಟು ದೂರವೂ ವಾಪಸು ನಡೆದುಹೋಗಿ ಅವಳ ಕೈಯಿಂದ ಚೀಲ ತೆಗೆದುಕೊಂಡ.

"ಬಾರೇ, ವ್ಯಾನು ಹೊರಡ್ತದೆ," ಎಂದ. "ಎಳನೀರು ಕುಡೀತೀಯಾ?"

ಅವಳು ಮದುವೆಯಾಗಿ ಬಂದಾಗಿನಿಂದ ಏನಾದರೂ ಬೇಕೇ ಎಂದು ಅವನು ಕೇಳಿದ್ದನ್ನು ನಾನು ಕೇಳಿರಲಿಲ್ಲ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಕುಡಿಯುತ್ತೇನೆ ಎಂದು ತಲೆಯಾಡಿಸಿದಳು.